ಗಮ್ಮಿನ ಕೋಣೆ

ದುಬೈಯ ಕರಾಮದಲ್ಲಿದ್ದ ನಮ್ಮ ಫ್ಲ್ಯಾಟು ಮೂರನೆಯ ಮಹಡಿಯಲ್ಲಿತ್ತು. ಕೆಳಗೆ ಉಡುಪಿಯವರ ಹೋಟೆಲು, ಪಕ್ಕದಲ್ಲಿ ದರ್ಜಿಯ ಅಂಗಡಿ, ರಸ್ತೆ ದಾಟಿದರೆ ಬಸ್ ಸ್ಟಾಪು. ಬೆಳಿಗ್ಗೆ ಶಾಲೆಗೆ ಇಳಿಯುವಾಗ ಮೆಟ್ಟಿಲ ತುಂಬ ಸಾಂಬಾರಿನ ಪರಿಮಳ ಇರುತ್ತಿತ್ತು. ಮಧ್ಯಾಹ್ನ ಹಿಂದಿರುಗಿ ನಮ್ಮ ಬಾಗಿಲು ತೆರೆದರೆ ಬೇರೆಯೇ ವಾಸನೆ: ಚರ್ಮ, ಮೇಣ, ಬೂಟಿನ ಪಾಲಿಶು, ಅದರಡಿಯಲ್ಲೆಲ್ಲೋ ಅಮ್ಮ ಹುರಿದಿಟ್ಟ ಕೊತ್ತಂಬರಿ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಚೀಲಕ್ಕೆ ಮೂಗಿಟ್ಟು, ಹೊಸ ಕಾರಿನ ವಾಸನೆ ಬರುತ್ತದೆ ಅನ್ನುತ್ತಿದ್ದಳು. ನಾನದನ್ನು ಹೊಗಳಿಕೆ ಎಂದುಕೊಂಡಿದ್ದೆ. ಮನೆಯಲ್ಲಿ ಎರಡು ಮಲಗುವ ಕೋಣೆ. ಒಂದು ಪಪ್ಪ–ಅಮ್ಮನದು, ಇನ್ನೊಂದು ಓಪಾನದು. ಓಪಾ ಎಂದರೆ ಜರ್ಮನ್ ಭಾಷೆಯಲ್ಲಿ ಅಜ್ಜ. ಅವರು ಪಪ್ಪನ ತಂದೆ. ನನ್ನ ಹಾಸಿಗೆ ಹಾಲಿನ ಮೂಲೆಯಲ್ಲಿ, ಸುತ್ತಿಟ್ಟ ಚರ್ಮದ ಉರುಳೆಗಳ ಪಕ್ಕದಲ್ಲಿತ್ತು. ದೇವರು ಇದ್ದದ್ದು ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಪಿಂಗಾಣಿ ಇಡುವ ಕಪಾಟಿನ ನಡುವಿನ ಖಾನೆಯಲ್ಲಿ. ಅದರ ಎದುರಿಗೇ ಊಟದ ಮೇಜು.

ಜರ್ಮನಿಯಲ್ಲಿ ಓಪಾನ ಊರು ಒಂದು ಕಾಲದಲ್ಲಿ ಚರ್ಮದ ಕೆಲಸಕ್ಕೇ ಹೆಸರಾಗಿತ್ತಂತೆ. ಅಲ್ಲಿ ಅವರು ಕುದುರೆಯ ಜೀನು ಹೊಲಿಯುತ್ತಿದ್ದರು. ಪಪ್ಪ ಅವರ ಕೈಕೆಳಗೇ ಕಲಿತವರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಪಪ್ಪ ದುಬೈಗೆ ಬಂದು ಒಂದು ಕುದುರೆ ಲಾಯದಲ್ಲಿ ಜೀನು ರಿಪೇರಿಯ ಕೆಲಸಕ್ಕೆ ಸೇರಿದರು. ಒಂದು ದಿನ ಅಂಗೈ ಸೀಳಿಕೊಂಡು ಕ್ಲಿನಿಕ್ಕಿಗೆ ಹೋದಾಗ ಅಲ್ಲಿ ನರ್ಸಾಗಿದ್ದವಳು ನನ್ನ ಅಮ್ಮ, ಕಾಪು ಕಡೆಯವಳು. ಹೊಲಿಗೆ ಬಿಚ್ಚಿಸಿಕೊಳ್ಳಲು ಪಪ್ಪ ಅಗತ್ಯಕ್ಕಿಂತ ಎರಡು ಸಲ ಹೆಚ್ಚು ಹೋದರೆಂದು ಅಮ್ಮ ಹೇಳುತ್ತಿದ್ದಳು. ನಾನು ಹುಟ್ಟಿದ ಮೇಲೆ ಪಪ್ಪ ರಾಸ್ ಅಲ್ ಖೋರ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆಗೆದರು. ಕಾರಿನ ಸೀಟು, ಸೋಫಾ, ಅಪರೂಪಕ್ಕೊಂದು ಜೀನು. ಓಮಾ, ಅಂದರೆ ನನ್ನ ಅಜ್ಜಿ, ತೀರಿಕೊಂಡ ವರ್ಷ ಓಪಾ ತನ್ನ ಸಲಕರಣೆಗಳ ಮರದ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಎಪ್ಪತ್ತು ದಾಟಿದ್ದರೂ ಸುಮ್ಮನೆ ಕೂರಲೊಲ್ಲರು. ಎರಡು ಸೂಜಿ, ಮೇಣ ಹಚ್ಚಿದ ದಾರ, ಮೊಣಕಾಲುಗಳ ನಡುವೆ ಹಿಡಿಯುವ ಮರದ ಇಕ್ಕಳ. ಇಷ್ಟು ಸಿಕ್ಕಿದರೆ ಅವರಿಗೆ ಊರು ಯಾವುದಾದರೂ ನಡೆಯುತ್ತಿತ್ತು.

ಪಪ್ಪನಿಗೂ ಅಮ್ಮನಿಗೂ ನಡುವೆ ಇಂಗ್ಲಿಷು. ಓಪಾ ಮತ್ತು ಪಪ್ಪ ಜರ್ಮನ್ನಿನಲ್ಲಿ. ಅಮ್ಮನ ಮನೆಮಾತು ತುಳು. ಆದರೆ ಕಾಗದ ಬರೆಯಲಿಕ್ಕೆ, ಪುಸ್ತಕ ಓದಲಿಕ್ಕೆ ಬೇಕೆಂದು ನನಗೆ ಕನ್ನಡ ಹೇಳಿಕೊಟ್ಟಳು. ಓಪಾನಿಗೆ ಜರ್ಮನ್ ಬಿಟ್ಟರೆ ಬೇರೇನೂ ಬಾರದು, ಪಪ್ಪ ದಿನವಿಡೀ ಮನೆಯಲ್ಲಿರುವವರಲ್ಲ. ಹಾಗಾಗಿ ಅಮ್ಮ ಮತ್ತು ಓಪಾನ ನಡುವೆ ನಾನು. ಏಳನೆಯ ವಯಸ್ಸಿಗೇ ನನ್ನ ಕುರ್ಚಿ ಅವರಿಬ್ಬರ ಮಧ್ಯಕ್ಕೆ ಬಂದಿತ್ತು. ಸಂಜೆ ಆರಕ್ಕೆ ಸರಿಯಾಗಿ ಓಪಾ ಊರಿಂದ ತಂದ ಮರದ ಹಲಗೆಯ ಮೇಲೆ ಬ್ರೆಡ್ಡು, ಸೌತೆಕಾಯಿ, ತಣ್ಣನೆಯ ಮಾಂಸದ ತುಂಡು ಇಟ್ಟುಕೊಂಡು ಕೂರುವರು. ಅಮ್ಮನದು ಅನ್ನ, ಬಂಗುಡೆ ಮೀನಿನ ಪುಳಿಮುಂಚಿ. ಎರಡು ಊಟಗಳ ನಡುವೆ ನನ್ನ ತಟ್ಟೆಯಲ್ಲಿ ಎರಡೂ ಇರುತ್ತಿದ್ದವು.

ಆ ವರ್ಷ ಒಂದು ಶುಕ್ರವಾರ ಓಪಾ ಒಂದು ಕರುವಿನ ಚರ್ಮವನ್ನು ಊಟದ ಮೇಜಿನ ಮೇಲೆ ಹಾಸಿ ಗುರುತು ಹಾಕುತ್ತಿದ್ದರು. ಚರ್ಮದ ಅಂಚು ಮೇಜಿನಿಂದ ಇಳಿಬಿದ್ದು ದೇವರ ಕಪಾಟಿಗೆ ತಾಗುತ್ತಿತ್ತು. ಅಮ್ಮ ಸ್ನಾನ ಮಾಡಿ ದೀಪ ಹಚ್ಚಲು ಬಂದವಳು ನಿಂತಲ್ಲೇ ನಿಂತಳು.

"ಲೀನಾ, ಓಪಾನತ್ರ ಹೇಳು. ದನದ ಚರ್ಮ ದೇವರ ಎದುರು ಹಾಕ್ಬೇಡಿ ಅಂತ."

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಓಪಾ ಸೀಸದ ಕಡ್ಡಿಯಿಂದ ತಲೆ ಎತ್ತಲಿಲ್ಲ.

"ಈ ಮನೆಗೆ ಊಟ ಹಾಕುವುದು ಈ ಚರ್ಮ, ಅವಳ ದೇವರಲ್ಲ. ಹಾಗೆಂದು ಅವಳಿಗೆ ಹೇಳು."

ಅದನ್ನೂ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ. ಪರೀಕ್ಷೆಯಲ್ಲಿ ಬರೆದ ಹಾಗೆ ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ದೇವರ ಫೋಟೋಗಳನ್ನೂ ದೀಪವನ್ನೂ ಟವೆಲಿನಲ್ಲಿ ಸುತ್ತಿ ಅಟ್ಟದ ಸೂಟ್‌ಕೇಸಿನೊಳಗೆ ಇಟ್ಟಳು. ಮೂರು ದಿನ ಆ ಮನೆಯಲ್ಲಿ ದೀಪ ಉರಿಯಲಿಲ್ಲ, ಒಲೆಯೂ ಉರಿಯಲಿಲ್ಲ. ಅಮ್ಮ ಕ್ಲಿನಿಕ್ಕಿಗೆ ಹೋಗುವಳು, ಬರುವಳು, ಬಚ್ಚಲಲ್ಲಿ ನಲ್ಲಿ ಬಿಟ್ಟು ಬಹಳ ಹೊತ್ತು ಇರುವಳು. ಓಪಾ ತನ್ನ ಬ್ರೆಡ್ಡು ತಾನು ಕತ್ತರಿಸಿಕೊಳ್ಳುವರು. ಮೂರನೆಯ ದಿನ ಪಪ್ಪ ನನ್ನನ್ನು ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ನಾನು ತಿಂದು ಮುಗಿಸುವ ತನಕ ಕಾದರು.

"ಕೇಳಿದ್ದೆಲ್ಲವನ್ನೂ ಹೇಳಬೇಕಾಗಿಲ್ಲ, ಲೀನಾ," ಅಂದರು. "ಮನೆಯಲ್ಲಿ ಶಾಂತಿ ಮುಖ್ಯ. ಸ್ವಲ್ಪ ಮೆತ್ತಗೆ ಮಾಡಿ ಹೇಳು. ನೀನು ಜಾಣೆ."

ಅವತ್ತಿನಿಂದ ನಾನು ಮೆತ್ತಗೆ ಮಾಡಿ ಹೇಳತೊಡಗಿದೆ. ಮೀನಿನ ಸಾರಿಗೆ ಓಪಾ ಬಂದರಿನ ನಾತ ಅಂದರೆ, ನಾನು ಅಮ್ಮನಿಗೆ "ಓಪಾನಿಗೆ ಸ್ವಲ್ಪ ಖಾರ ಆಯ್ತಂತೆ" ಅನ್ನುತ್ತಿದ್ದೆ. ಅಮ್ಮ ಗೊಣಗಿ, ಈ ಮುದುಕನಿಗೆ ಎಷ್ಟು ಮಾಡಿದರೂ ಅಷ್ಟೇ ಅಂದರೆ, ಓಪಾನಿಗೆ "ಇನ್ನೂ ಸ್ವಲ್ಪ ಬೇಕಾ ಅಂತ ಕೇಳ್ತಿದ್ದಾಳೆ" ಅನ್ನುತ್ತಿದ್ದೆ. ದೇವರು ಸೂಟ್‌ಕೇಸಿನಿಂದ ಇಳಿದು ಮತ್ತೆ ಕಪಾಟು ಸೇರಿದರು. ಚರ್ಮ ಓಪಾನ ಕೋಣೆಗೆ ಹೋಯಿತು. ಇಬ್ಬರೂ ಇನ್ನೊಬ್ಬರು ಅಷ್ಟೇನೂ ಕೆಟ್ಟವರಲ್ಲ ಎಂದು ನಂಬತೊಡಗಿದರು. ಪಪ್ಪ ನನ್ನ ತಲೆ ಸವರಿ ಹೋಗುತ್ತಿದ್ದರು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. ಅದು ನಾನು ಮನೆಗಾಗಿ ಮಾಡುವ ಕೆಲಸ, ಅಮ್ಮ ಪಾತ್ರೆ ತೊಳೆಯುವ ಹಾಗೆ, ಓಪಾ ಪ್ರತಿ ಶನಿವಾರ ಬೆಳಿಗ್ಗೆ ಎಲ್ಲರ ಬೂಟುಗಳನ್ನೂ ಸಾಲಾಗಿಟ್ಟು ಎಣ್ಣೆ ಹಚ್ಚುವ ಹಾಗೆ.

ನನಗೆ ಹತ್ತು ವರ್ಷವಾದಾಗ ಪಪ್ಪನಿಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಒಂದು ದೊಡ್ಡ ಕೆಲಸ ಸಿಕ್ಕಿತು. ಒಂದು ಎತ್ತರದ ಕಟ್ಟಡದ ಆಫೀಸಿನ ಗೋಡೆಗಳಿಗೆಲ್ಲ ಚರ್ಮದ ಹೊದಿಕೆ. ಹಲಗೆಗಳ ಮೇಲೆ ಚರ್ಮ ಅಂಟಿಸಿ, ಒಣಗಿಸಿ, ಅಲ್ಲಿಗೆ ಒಯ್ದು ಜೋಡಿಸಬೇಕು. ನೂರಾರು ಹಲಗೆಗಳು. ಹೊಲಿಗೆಗಿಂತ ಅಂಟಿಸುವುದೇ ಹೆಚ್ಚು. ಅಂಟಿಗೆ ವರ್ಕ್‌ಶಾಪಿನಲ್ಲಿ ಎಲ್ಲರೂ ಗಮ್ಮು ಅನ್ನುತ್ತಿದ್ದರು. ಬೇಗ ಒಣಗಲಿ ಎಂದು ಪಪ್ಪ ಹಳೆಯ ಗಮ್ಮು ಬಿಟ್ಟು ಹೊಸದೊಂದನ್ನು ಡ್ರಮ್ಮುಗಳಲ್ಲಿ ತರಿಸಿದರು. ರಾಸ್ ಅಲ್ ಖೋರ್ ಎಂದರೆ ಧೂಳು. ಸುತ್ತ ಗ್ಯಾರೇಜು, ಲಾರಿ, ಗಾಳಿಯಲ್ಲಿ ಸದಾ ಮರಳು. ಒಂದು ಕಣ ಚರ್ಮದಡಿ ಸೇರಿದರೂ ಮೇಲೆ ಗುಳ್ಳೆಯ ಹಾಗೆ ಕಾಣುತ್ತಿತ್ತು. ಅದಕ್ಕೆ ಹಿಂದಿನ ಕೋಣೆಯಲ್ಲಿ ಒಂದು ಎಸಿ ಹಾಕಿಸಿ, ಗಾಳಿ ಹೊರಗೆ ತಳ್ಳುವ ಫ್ಯಾನು ತೆಗೆಸಿ, ಆ ತೂತಿಗೆ ತಗಡು ಬಡಿಸಿ ಅಂಚಿಗೆ ಟೇಪು ಸುತ್ತಿಸಿದರು. ಧೂಳು ಚರ್ಮದ ಶತ್ರು ಎಂದು ಓಪಾ ತಲೆಯಾಡಿಸಿದರು. ಪಪ್ಪ ವಾರದಲ್ಲಿ ನಾಲ್ಕು ದಿನ ಅಬುಧಾಬಿಯಲ್ಲೇ ಉಳಿಯುತ್ತಿದ್ದರು. ಗಮ್ಮಿನ ಕೋಣೆಯ ಮೇಲ್ವಿಚಾರಣೆ ಓಪಾನದಾಯಿತು. ಕೆಲಸ ಸಂಜೀವಣ್ಣನದು.

ಸಂಜೀವಣ್ಣ ಬ್ರಹ್ಮಾವರದ ಕಡೆಯವರು. ನಲವತ್ತರ ಆಸುಪಾಸು, ಸಣಕಲು ಮೈ, ಕಿವಿಯ ಮೇಲೆ ಸದಾ ಒಂದು ಸೀಸದ ಕಡ್ಡಿ. ಮೊದಲು ಮಂಗಳೂರಿನಲ್ಲಿ ಸೋಫಾ ಮಾಡುತ್ತಿದ್ದರಂತೆ. ಹೊರಗಿನ ಶೆಡ್ಡಿನಲ್ಲಿ ಚರ್ಮ ಕತ್ತರಿಸುವ ಇಬ್ಬರು ಪೇಶಾವರದವರು. ಒಳಗಿನ ಕೋಣೆಯಲ್ಲಿ ಸಂಜೀವಣ್ಣ ಮತ್ತು ಓಪಾ ಇಬ್ಬರೇ. ದಿನಕ್ಕೆ ಹತ್ತು ಗಂಟೆ ಒಂದೇ ಮೇಜಿನ ಆಚೀಚೆ ಇದ್ದು ಇಬ್ಬರೂ ಒಂದು ಮಾತು ಆಡಿದವರಲ್ಲ. ಬೆರಳು ತೋರಿಸಿ, ತಲೆಯಾಡಿಸಿ ಕೆಲಸ ಸಾಗಿಸುತ್ತಿದ್ದರು. ಶನಿವಾರ ನನಗೆ ಶಾಲೆ ಇಲ್ಲ, ಅಮ್ಮನಿಗೆ ಕ್ಲಿನಿಕ್ಕು ಇತ್ತು. ಹಾಗಾಗಿ ನಾನೂ ಓಪಾನ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಒಳಗೆ ಕಾಲಿಟ್ಟರೆ ಸಿಹಿಯಾದ, ಪೆಟ್ರೋಲಿನಂಥ ವಾಸನೆ. ಐದು ನಿಮಿಷದಲ್ಲಿ ತಲೆ ಹಗುರಾಗುತ್ತಿತ್ತು, ಹತ್ತು ನಿಮಿಷಕ್ಕೆ ನೋಯುತ್ತಿತ್ತು. ನಾನು ಬಾಗಿಲ ಹೊರಗೆ ಚರ್ಮದ ತುಂಡುಗಳ ರಾಶಿಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಊಟದ ಹೊತ್ತಿಗೆ ಸಂಜೀವಣ್ಣ ಹೊರಗೆ ಬಂದು ನನ್ನ ಪಕ್ಕ ಕೂತು ಡಬ್ಬಿ ಬಿಚ್ಚುವರು. ನನಗೆ ಕನ್ನಡ ಬರುತ್ತದೆ ಎಂದು ಅವರಿಗೆ ಎಷ್ಟು ಸಲವಾದರೂ ಆಶ್ಚರ್ಯವೇ.

ರಂಜಾನ್ ಶುರುವಾಗುವ ಮುಂಚಿನ ಒಂದು ಶನಿವಾರ ಅವರು ಡಬ್ಬಿ ಬಿಚ್ಚಲಿಲ್ಲ.

"ಮಗಾ, ಒಂದು ವಿಷಯ ಉಂಟು. ನಿನ್ನ ಅಜ್ಜನತ್ರ ಹೇಳ್ಬೇಕು. ಪಪ್ಪ ಸಿಗುದೇ ಇಲ್ಲ, ಸಿಕ್ಕಿದ್ರೂ ನನ್ನ ಹಿಂದಿ ಅವರಿಗೆ ಅರ್ಥ ಆಗುದಿಲ್ಲ," ಅಂದರು. "ಈ ಹೊಸ ಗಮ್ಮು ಬಂದ ಮೇಲೆ ನನ್ನ ಕಾಲು ಸರಿ ಇಲ್ಲ. ಪಾದ ಜೋಮು ಹಿಡಿದು ಹಾಗೇ ಇರ್ತದೆ. ಚಪ್ಪಲಿ ಕಳಚಿ ಹೋದ್ರೆ ಗೊತ್ತಾಗುದಿಲ್ಲ, ನಾಲ್ಕು ಹೆಜ್ಜೆ ಆದ ಮೇಲೆ ತಿರುಗಿ ನೋಡುದು. ಈಗ ಬೆರಳಿಗೂ ಬಂದಿದೆ. ಇದು ಆ ವಾಸನೆದೇ. ಆ ತಗಡು ತೆಗೆದು ಫ್ಯಾನು ಹಾಕ್ಲಿಕ್ಕೆ ಹೇಳು. ಇಲ್ಲಾಂದ್ರೆ ನನ್ನಿಂದ ಆಗುದಿಲ್ಲ ಅಂತ ಹೇಳು."

ನಾನು ಒಳಗೆ ಹೋದೆ. ಆ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಅಮ್ಮ ಓಪಾನ ಮರದ ಹಲಗೆಯನ್ನು ಸೋಪು ಹಾಕಿ ತೊಳೆದಿದ್ದಳು, ಮರ ಬಿರುಕು ಬಿಟ್ಟಿತ್ತು. ಈ ಜನಕ್ಕೆ ಯಾವ ವಸ್ತುವನ್ನೂ ನೋಡಿಕೊಳ್ಳಲು ಬಾರದು, ದೂರಲು ಮಾತ್ರ ಬರುತ್ತದೆ ಎಂದು ಓಪಾ ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದರು. ಈ ಜನ ಎಂದರೆ ಅಮ್ಮ, ಎಂದರೆ ಅರ್ಧ ನಾನು. ಸಂಜೀವಣ್ಣನ ಮಾತನ್ನು ಇದ್ದ ಹಾಗೆ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ಓಪಾನ ಮುಂದೆ ನಿಂತು, ಸಂಜೀವಣ್ಣನಿಗೆ ಕಾಲು ನೋಯುತ್ತದಂತೆ, ಸ್ವಲ್ಪ ದಣಿವಂತೆ ಅಂದೆ. ಗಮ್ಮಿನ ವಿಷಯ ಎತ್ತಲಿಲ್ಲ. ಫ್ಯಾನಿನ ವಿಷಯ ಎತ್ತಲಿಲ್ಲ.

"ನಾನು ಅವನ ವಯಸ್ಸಿನಲ್ಲಿ ಹದಿನಾಲ್ಕು ಗಂಟೆ ನಿಲ್ಲುತ್ತಿದ್ದೆ," ಅಂದರು ಓಪಾ. "ಆ ಚಪ್ಪಲಿ ಬಿಟ್ಟು ಸರಿಯಾದ ಬೂಟು ಹಾಕಿಕೊಳ್ಳಲು ಹೇಳು."

ನಾನು ಹೊರಗೆ ಬಂದು ಸಂಜೀವಣ್ಣನಿಗೆ, "ಹೇಳಿದ್ದೇನೆ. ನೋಡ್ತೇವೆ ಅಂದ್ರು," ಅಂದೆ.

ಅವರ ಮುಖ ಹಗುರವಾಯಿತು. ಡಬ್ಬಿ ಬಿಚ್ಚಿ ತನ್ನ ಮೀನಿನ ತುಂಡಿನಲ್ಲಿ ಅರ್ಧ ನನಗೆ ಮುರಿದುಕೊಟ್ಟರು. ನಾನು ತಿಂದೆ.

ಅವರು ಕಾದರು. ಮೂರು ವಾರ ಬಿಟ್ಟು ಇನ್ನೊಮ್ಮೆ, ಹೇಳಿದ್ದು ಹೌದಾ ಅಂತ ಕೇಳಿದರು. ನಾನು ಹೌದು ಅಂದೆ. ಆಮೇಲೆ ಕೇಳಲಿಲ್ಲ. ರಂಜಾನ್ ಮುಗಿಯಿತು, ಬೇಸಿಗೆ ಏರಿತು. ಹೊರಗಿನ ಬಿಸಿಲಿಗೆ ಕಾಲಿಡಲಾಗದ ದಿನಗಳಲ್ಲಿ ಗಮ್ಮಿನ ಕೋಣೆಯ ಬಾಗಿಲು ಬೆಳಿಗ್ಗೆ ಮುಚ್ಚಿದರೆ ಊಟಕ್ಕೆ ಮಾತ್ರ ತೆರೆಯುತ್ತಿತ್ತು. ಸಂಜೀವಣ್ಣ ನಡೆಯುವಾಗ ಮೊಣಕಾಲನ್ನು ಮೇಲೆತ್ತಿ, ನೀರಿನಲ್ಲಿ ನಡೆಯುವವರ ಹಾಗೆ ಪಾದವನ್ನು ಚಪ್ಪಟೆಯಾಗಿ ಇಡತೊಡಗಿದರು. ಪೇಶಾವರದವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಪಪ್ಪ ಬಂದ ದಿನಗಳಲ್ಲಿ ಆ ಕೋಣೆಗೆ ಇಣುಕಿ, ಕರವಸ್ತ್ರ ಮೂಗಿಗೆ ಒತ್ತಿ, ಒಣಗಿದ ಹಲಗೆಗಳನ್ನು ಎಣಿಸಿ, ಅರಬ್ಬಿಯಲ್ಲಿ ಯಲ್ಲಾ ಯಲ್ಲಾ, ಬೇಗ ಬೇಗ, ಎಂದು ಹೊರಡುತ್ತಿದ್ದರು. ಮನೆಯಲ್ಲಿ ಓಪಾನ ಕೈಯಿಂದ ಕಪ್ಪು ಬಿದ್ದು ಒಡೆಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಒಂದು ಸಂಜೆ ಬ್ರೆಡ್ಡು ಕೊಯ್ಯುವಾಗ ಬೆರಳು ಕೊಯ್ದುಕೊಂಡು, ಹಲಗೆ ಕೆಂಪಾಗುವ ತನಕ ಅವರಿಗೆ ತಿಳಿಯಲಿಲ್ಲ. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ತುಟಿಯ ಮೇಲೆ ಬೆರಳಿಟ್ಟು, ಅಮ್ಮನಿಗೆ ಹೇಳಬೇಡ ಎಂದು ಸನ್ನೆ ಮಾಡಿದರು. ಹೇಳದೆ ಇರುವುದು ನನಗೆ ಆಗಲೇ ಚೆನ್ನಾಗಿ ಬರುತ್ತಿತ್ತು.

ಅದು ಬಯಲಾದದ್ದು ಒಂದು ಶುಕ್ರವಾರ ಮಧ್ಯಾಹ್ನ. ಅಮ್ಮ ನೀರುದೋಸೆ ಹೊಯ್ದು ಮುಗಿಸಿ ಕಬ್ಬಿಣದ ಕಾವಲಿಯನ್ನು ಇಳಿಸಿ ಕಟ್ಟೆಯ ಮೇಲಿಟ್ಟಿದ್ದಳು. ಓಪಾ ನೀರು ಕುಡಿಯಲು ಬಂದವರು, ಈಚೆಗೆ ಅವರಿಗೂ ಕಾಲು ಸರಿಯಾಗಿ ನಿಲ್ಲದ್ದರಿಂದ, ಆಧಾರಕ್ಕೆ ಎಡಗೈಯನ್ನು ಕಟ್ಟೆಗೆ ಊರಿದರು. ಊರಿದ್ದು ಕಾವಲಿಯ ಮೇಲೆ. ಊರಿ ಹಾಗೆಯೇ ನಿಂತು ಬಲಗೈಯಿಂದ ಲೋಟ ಎತ್ತಿದರು. ಚರ್ಮ ಸುಡುವ ವಾಸನೆ ಮೊದಲು ಬಂದದ್ದು ಅಮ್ಮನಿಗೆ. ಅವಳು ತಿರುಗಿ ನೋಡಿ, ಅವರ ಮಣಿಕಟ್ಟು ಹಿಡಿದು ಎಳೆದು ನಲ್ಲಿಯ ಕೆಳಗೆ ತಂದಳು. ಆ ಹೊತ್ತಿಗೂ ಓಪಾನಿಗೆ ಏನಾಯಿತೆಂದು ತಿಳಿದಿರಲಿಲ್ಲ. ಲೋಟ ಇನ್ನೂ ಅವರ ಕೈಯಲ್ಲೇ ಇತ್ತು.

ಅಮ್ಮ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಓಪಾನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಲು ಹೇಳು, ಚುಚ್ಚಿದ್ದು ಗೊತ್ತಾದರೆ ಹೌದು ಅನ್ನಲು ಹೇಳು ಎಂದು ನನಗೆ ಅಂದಳು. ತನ್ನ ಚೂಡಿದಾರದ ಶಾಲಿನಿಂದ ಪಿನ್ನು ತೆಗೆದು ಅವರ ಬಲಗೈಯ ಬೆರಳುಗಳಿಗೆ ಒಂದೊಂದಾಗಿ ಚುಚ್ಚಿದಳು. ಆಮೇಲೆ ನೆಲದ ಮೇಲೆ ಕೂತು ಅವರ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅಲ್ಲಿಗೂ ಚುಚ್ಚಿದಳು. ಅವರು ಎಲ್ಲಿಯೂ ಹೌದು ಅನ್ನಲಿಲ್ಲ.

"ಎಷ್ಟು ಸಮಯದಿಂದ ಹೀಗೆ ಅಂತ ಕೇಳು. ಸರಿಯಾಗಿ ಕೇಳು."

ಕೇಳಿದೆ. ಐದು ತಿಂಗಳು ಅಂದರು.

"ಯಾಕೆ ಹೇಳ್ಲಿಲ್ಲ ಅಂತ ಕೇಳು."

ಓಪಾ ಕಣ್ಣು ತೆರೆದು ತನ್ನ ಕೈಗಳನ್ನು ನೋಡಿಕೊಂಡರು. "ಕೈ ಹೋಯಿತು ಅಂದರೆ ನಾನು ಇಲ್ಲಿ ಏನು ಮಾಡುತ್ತಿದ್ದೇನೆ? ಮಗನ ಮನೆಯಲ್ಲಿ ಬ್ರೆಡ್ಡು ತಿನ್ನುವ ಮುದುಕ, ಅಷ್ಟೇ."

ಅದನ್ನು ನಾನು ಹಾಗೆಯೇ ಹೇಳಿದೆ. ಮೂರು ವರ್ಷಗಳಲ್ಲಿ ಅವರ ಒಂದು ಮಾತನ್ನು ಬದಲಿಸದೆ ಅಮ್ಮನಿಗೆ ತಲುಪಿಸಿದ್ದು ಅದೇ ಮೊದಲು. ಅಮ್ಮ ಸ್ವಲ್ಪ ಹೊತ್ತು ಅವರ ಪಾದ ಹಿಡಿದುಕೊಂಡೇ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ವರ್ಕ್‌ಶಾಪಲ್ಲಿ ಬೇರೆ ಯಾರಿಗಾದ್ರೂ ಹೀಗೆ ಉಂಟಾ?"

"ಸಂಜೀವಣ್ಣನಿಗೆ."

"ನಿಂಗೆ ಹೇಗೆ ಗೊತ್ತು?"

"ಅವರು ಹೇಳಿದ್ರು. ರಂಜಾನ್ ಮುಂಚೆ. ಗಮ್ಮಿಂದ ಅಂತ. ಫ್ಯಾನು ಹಾಕ್ಬೇಕು ಅಂತ ಓಪಾನತ್ರ ಹೇಳು ಅಂದ್ರು."

"ನೀನೆಂತ ಹೇಳಿದ್ದು ಮತ್ತೆ?"

"ಕಾಲು ನೋವು ಅಂತ."

ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಅಮ್ಮ ನನ್ನನ್ನು ನೋಡಿದ ಆ ನೋಟ ಇಂದಿಗೂ ನನಗೆ ಬಿಡಿಸಿ ಹೇಳಲು ಬಾರದು. ಮಗಳನ್ನಲ್ಲ, ಬಾಗಿಲಲ್ಲಿ ನಿಂತ ಯಾರನ್ನೋ ನೋಡಿದ ಹಾಗಿತ್ತು. ಅವಳು ಎದ್ದು ಪಪ್ಪನಿಗೆ ಫೋನು ಮಾಡಿದಳು. ಆ ಸಂಜೆಯೇ ಇಬ್ಬರೂ ಸಂಜೀವಣ್ಣನ ರೂಮಿಗೆ ಹೋಗಿ ಅವರನ್ನು ಎತ್ತಿ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಎತ್ತಲೇಬೇಕಾಗಿತ್ತು, ಎರಡು ದಿನದಿಂದ ಅವರು ಮೆಟ್ಟಿಲು ಇಳಿದಿರಲಿಲ್ಲವಂತೆ.

ನರಗಳು ಕೆಟ್ಟಿವೆ ಎಂದು ಡಾಕ್ಟರು ಹೇಳಿದರು. ಗಮ್ಮಿನ ಆವಿ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಒಳಗೆ ಹೋದದ್ದರಿಂದ. ಈಗ ಬಿಟ್ಟರೂ ಇನ್ನು ಕೆಲವು ವಾರ ಹೆಚ್ಚುತ್ತಲೇ ಹೋಗುತ್ತದೆ, ಆಮೇಲೆ ನಿಧಾನವಾಗಿ ಶಕ್ತಿ ಸ್ವಲ್ಪ ಹಿಂದೆ ಬರಬಹುದು, ಮೊದಲೇ ತಿಳಿದಿದ್ದರೆ ಪೂರ್ತಿ ಬರುತ್ತಿತ್ತು. ಈ ಮೊದಲೇ ಎನ್ನುವ ಮಾತನ್ನು ಅಮ್ಮ ಊಟದ ಮೇಜಿನಲ್ಲಿ ಹೇಳಿದಾಗ ಪಪ್ಪ ನನ್ನ ಕಡೆ ನೋಡಿದರು. ಓಪಾನೂ ನೋಡಿದರು. ಅಮ್ಮ ಒಂದು ಬೆಳಿಗ್ಗೆ ನನ್ನ ತಲೆ ಬಾಚುತ್ತ, "ಸಂಜೀವಣ್ಣನತ್ರ ನೀನೇ ಹೋಗಿ ಹೇಳು. ಬೇರೆಯವರು ಹೇಳುದಲ್ಲ," ಅಂದಳು.

ಪಪ್ಪ ಕರೆದುಕೊಂಡು ಹೋದರು. ಸಂಜೀವಣ್ಣ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದರು. ಹೊದಿಕೆಯಡಿ ಎರಡೂ ಪಾದಗಳು ಮುಂದಕ್ಕೆ ಜೋತುಬಿದ್ದಿದ್ದವು. ಕೈಗಳು ಎದೆಯ ಮೇಲೆ, ಬೆರಳು ಅರ್ಧ ಮಡಚಿ. ನನ್ನನ್ನು ನೋಡಿ ಏಳಲು ಹೊರಟರು, ಆಗಲಿಲ್ಲ. ನಾನು ಕಲಿತುಕೊಂಡು ಬಂದಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ.

"ಸಂಜೀವಣ್ಣ, ನೀವು ಹೇಳಿದ್ದನ್ನು ನಾನು ಓಪಾನಿಗೆ ಹೇಳ್ಲೇ ಇಲ್ಲ. ಕಾಲು ನೋವು ಅಂತ ಮಾತ್ರ ಹೇಳಿದ್ದು. ನಿಮ್ಮತ್ರ ಸುಳ್ಳು ಹೇಳಿದೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನಗೆಷ್ಟು ವರ್ಷ ಈಗ?"

"ಹನ್ನೊಂದು."

"ಹ್ಞೂಂ," ಅಂದರು. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು.

ಪಪ್ಪ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದರು. ನನ್ನ ಭುಜದ ಮೇಲೆ ಕೈಯಿಟ್ಟು, ತನಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಆ ದಿನವೇ ಫ್ಯಾನು ಹಾಕಿಸುತ್ತಿದ್ದೆ ಎಂದು ಅವನಿಗೆ ಹೇಳು ಅಂದರು. ಹೇಳಿದೆ. ಸಂಜೀವಣ್ಣ ಈ ಕಡೆ ತಿರುಗಿದರು. ಪಪ್ಪನನ್ನು ನೋಡುತ್ತ ನನ್ನೊಡನೆ ಮಾತಾಡಿದರು.

"ಈಗ ನಾನು ಹೇಳುದನ್ನು ಹೇಳಿದ ಹಾಗೇ ಹೇಳ್ಬೇಕು ನೀನು. ಆ ಕೋಣೆಗೆ ನೀವೂ ಬರ್ತಾ ಇದ್ದಿರಿ ಧಣಿ. ಮೂಗು ಮುಚ್ಚಿಕೊಂಡು ಬಂದು ಎರಡು ನಿಮಿಷಕ್ಕೆ ಹೊರಗೆ ಹೋಗ್ತಾ ಇದ್ದಿರಿ. ನನ್ನ ನಡಿಗೆ ನೋಡಿದ್ದಿರಿ. ವಾಸನೆಗೆ ಭಾಷೆ ಬೇಕಾ? ಇದನ್ನು ಈ ಮಗುವಿನ ತಲೆ ಮೇಲೆ ಹಾಕ್ಬೇಡಿ."

ನಾನು ಪಪ್ಪನ ಕಡೆ ತಿರುಗಿ ಜರ್ಮನ್ನಿನಲ್ಲಿ ಅಷ್ಟನ್ನೂ ಹೇಳಿದೆ. ಕೊನೆಯ ಮಾತನ್ನೂ ಬಿಡದೆ ಹೇಳಿದೆ. ನನ್ನ ಭುಜದ ಮೇಲಿದ್ದ ಕೈ ಕೆಳಗೆ ಬಿತ್ತು. ಪಪ್ಪ ಹಿಂದಿರುಗುವಾಗ ಕಾರನ್ನು ದಾರಿಯ ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ.

"ಅವನು ಹಾಗೆಯೇ ಹೇಳಿದನಾ?"

"ಹೌದು."

"ನೀನು ಏನೂ ಸೇರಿಸಲಿಲ್ಲ?"

"ಇಲ್ಲ ಪಪ್ಪ."

"ಏನೂ ಬಿಡಲಿಲ್ಲ?"

"ಇಲ್ಲ."

ಅವರು ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟು ಮುಂದಿನ ರಸ್ತೆಯನ್ನು ನೋಡುತ್ತ ಕೂತರು. ಆ ಸ್ಟಿಯರಿಂಗಿನ ಚರ್ಮ ಅವರೇ ಹೊಲಿದದ್ದು. ಬಹಳ ಹೊತ್ತಿನ ಮೇಲೆ ಮನೆಗೆ ಹೋದೆವು.

ಕಾಯಿಲೆ ಬಂದದ್ದು ಕೆಲಸದಿಂದಲೇ ಎಂದು ಮಾಲೀಕ ಬರೆದುಕೊಡುವ ಒಂದು ಕಾಗದವಿತ್ತು. ಬರೆದುಕೊಟ್ಟರೆ ವರ್ಕ್‌ಶಾಪಿನ ಲೈಸನ್ಸಿಗೆ ಕುತ್ತು, ಕೊಡದಿದ್ದರೆ ಸಂಜೀವಣ್ಣ ಬರಿಗೈಯಲ್ಲಿ ಊರಿಗೆ. ಆ ಕಾಗದ ಒಂದು ವಾರ ಊಟದ ಮೇಜಿನ ಮೇಲೆ ಬಿದ್ದಿತ್ತು. ಅಮ್ಮ ಅದರ ಸುತ್ತಲೇ ತಟ್ಟೆಗಳನ್ನು ಇಟ್ಟು ಬಡಿಸಿದಳು. ಎಂಟನೆಯ ದಿನ ಪಪ್ಪ ಸಹಿ ಹಾಕಿದರು. ವರ್ಷ ತಿರುಗುವುದರೊಳಗೆ ವರ್ಕ್‌ಶಾಪು ಹೋಯಿತು. ಪಪ್ಪ ಬೇರೆಯವರ ಕಾರ್‌ಸೀಟು ಅಂಗಡಿಯಲ್ಲಿ ಸಂಬಳಕ್ಕೆ ಸೇರಿದರು. ಸಂಜೀವಣ್ಣ ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿದರು. ಪಪ್ಪ ಹೋಗಿ ಬೀಳ್ಕೊಟ್ಟು ಬಂದರು, ನನ್ನನ್ನು ಕರೆಯಲಿಲ್ಲ.

ಓಪಾ ಮತ್ತೆ ಸೂಜಿ ಹಿಡಿಯಲಿಲ್ಲ. ಅವರ ಅಂಗಿಯ ಗುಂಡಿ ಅಮ್ಮ ಹಾಕುತ್ತಿದ್ದಳು, ಉಗುರು ಅವಳೇ ಕತ್ತರಿಸುತ್ತಿದ್ದಳು, ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಅವಳು ತುಳುವಿನಲ್ಲಿ ಗದರುವಳು, ಅವರು ಜರ್ಮನ್ನಿನಲ್ಲಿ ಗೊಣಗುವರು. ನನ್ನನ್ನು ಯಾರೂ ಕೂಗುತ್ತಿರಲಿಲ್ಲ. ನನ್ನ ಕುರ್ಚಿ ಮೇಜಿನ ತುದಿಗೆ ಹೋಗಿತ್ತು. ಯಾವಾಗ ಹೋಯಿತು, ಯಾರು ಸರಿಸಿದರು ತಿಳಿಯದು. ಎರಡನೆಯ ಚಳಿಗಾಲದಲ್ಲಿ ಓಪಾ ಮನೆಯಲ್ಲಿ ತನ್ನ ಕೋಣೆಯಲ್ಲೇ ತೀರಿಕೊಂಡರು. ಅವರ ಸಲಕರಣೆಗಳನ್ನು ಪಪ್ಪ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದರು.

ನಾನು ದುಭಾಷಿಯಾಗಲಿಲ್ಲ. ನಾಲ್ಕು ಭಾಷೆ ಬರುವವಳು ಯಾಕೆ ಆಗಲಿಲ್ಲ ಎಂದು ಜನ ಕೇಳುತ್ತಾರೆ. ಇಬ್ಬರ ನಡುವೆ ಕೂತು ಮಾತು ದಾಟಿಸು ಅಂದರೆ ಇವತ್ತಿಗೂ ಏನಾದರೂ ನೆಪ ಹೇಳಿ ಎದ್ದುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮನ ಜೊತೆ ಊರಿಗೆ ಹೋದಾಗ ಬ್ರಹ್ಮಾವರಕ್ಕೆ ಹೋಗಿ ಸಂಜೀವಣ್ಣನ ಮನೆ ಹುಡುಕಿದೆ. ಹೆದ್ದಾರಿಯ ಬದಿಯಲ್ಲಿ ಅವರದೊಂದು ಚಿಕ್ಕ ಅಂಗಡಿ. ಬೀಡಿ, ಬಾಳೆಹಣ್ಣು, ಸೋಡಾ. ಕೋಲು ಊರಿಕೊಂಡು, ಆ ಮೊಣಕಾಲೆತ್ತುವ ನಡಿಗೆಯಲ್ಲೇ ಹೊರಗೆ ಬಂದರು. ಬಾಟಲಿಯ ಮುಚ್ಚಳ ತೆಗೆಯಲು ಅವರ ಬೆರಳಿಗೆ ಆಗದೆ ಹೆಂಡತಿ ತೆಗೆದುಕೊಟ್ಟರು. ಗಮ್ಮಿನ ಕೋಣೆಯ ಮಾತು ಅವರೂ ಎತ್ತಲಿಲ್ಲ, ನಾನೂ 'ಕ್ಷಮಿಸಿ' ಎಂದು ಇನ್ನೊಮ್ಮೆ ಹೇಳಿ ಅವರಿಗೆ ತೊಂದರೆ ಕೊಡಲಿಲ್ಲ.

"ನಿನ್ನ ಅಜ್ಜನ ಕೈ ಮತ್ತೆ ಸರಿ ಆಯ್ತಾ?" ಎಂದು ಕೇಳಿದರು.

"ಇಲ್ಲ. ಹೋಗಿಬಿಟ್ರು ಅವರು."

ಅವರು ಕೋಲನ್ನು ಗೋಡೆಗೆ ಒರಗಿಸಿ ಕೂತರು.

"ಹೊಲಿಗೆ ಅಂದ್ರೆ ಅವರದ್ದು. ಅಂಥ ಕೈ ನಾನು ಎಲ್ಲಿಯೂ ನೋಡ್ಲಿಲ್ಲ. ಎದುರು ಕೂತು ಕದ್ದು ಕದ್ದು ನೋಡಿಯೇ ನಾನು ಕಲಿತದ್ದು," ಅಂದರು. "ಅದನ್ನು ಅವರತ್ರ ಹೇಳು ಅಂತ ಒಂದು ಸಲ ನಿನಗೆ ಹೇಳಿದ್ದೆ. ಹೇಳಿದ್ದಿಯಾ?"

ಅಂಥ ಮಾತೊಂದು ನನ್ನ ಕೈಗೆ ಬಂದದ್ದೇ ನನಗೆ ನೆನಪಿರಲಿಲ್ಲ. ಹೌದು ಅಂದುಬಿಡುವುದು ಸುಲಭವಿತ್ತು. ಅವರ ಹೆಂಡತಿ ಅಂಗಡಿಯೊಳಗಿನಿಂದ ನನ್ನನ್ನೇ ನೋಡುತ್ತಿದ್ದರು.

"ನೆನಪಿಲ್ಲ ಸಂಜೀವಣ್ಣ," ಅಂದೆ. "ಹೇಳಿರ್ಲಿಕ್ಕಿಲ್ಲ."